ಚಿಮಣಿಗೆ ಮೊದಲ ನಮಸ್ಕಾರ

ಸಿದ್ದರಾಜು ಸಾರ್ ನಮ್ಮ ಆಲೆಮನೆಗೆ ಬಂದರೆ ಮೊದಲು ಮಾತಾಡಿಸುತ್ತಿದ್ದುದು ಚಿಮಣಿಯನ್ನು, ಆಮೇಲೆ ನಮ್ಮನ್ನು. ಹೊಂಗೆಮರದ ಕೆಳಗೆ ಬೈಕು ನಿಲ್ಲಿಸಿ, ಹೆಲ್ಮೆಟ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಕತ್ತೆತ್ತಿ ಹೊಗೆ ನೋಡುತ್ತ ನಿಂತುಬಿಡುತ್ತಿದ್ದರು. ನಾವು "ಬನ್ನಿ ಸಾರ್" ಅಂದದ್ದು ಅವರ ಕಿವಿಗೆ ಬೀಳುತ್ತಲೇ ಇರಲಿಲ್ಲ. ಹೊಗೆ ಬೆಳ್ಳಗಿದ್ದರೆ ಮುಖ ಅರಳುತ್ತಿತ್ತು. ಕಪ್ಪಗಿದ್ದರೆ, ಮನೆಯಲ್ಲಿ ಯಾರಿಗೋ ಹುಷಾರಿಲ್ಲವೆಂದು ಕೇಳಿದವರ ಹಾಗೆ ಸಣ್ಣಗಾಗುತ್ತಿತ್ತು. ಆಮೇಲೆ ಕತ್ತು ಇಳಿಸಿ, ಆಗ ತಾನೆ ನನ್ನನ್ನು ಕಂಡವರಂತೆ, "ಚೆಂದಾಗಿದ್ದೀರಾ ಪದ್ಮಕ್ಕ?" ಅನ್ನುತ್ತಿದ್ದರು. ನಾನು ಚೆಂದಾಗಿದ್ದೇನೋ ಇಲ್ಲವೋ ಅನ್ನುವುದು ಅವರಿಗೆ ಹೊಗೆಯಿಂದಲೇ ಗೊತ್ತಾಗಿರುತ್ತಿತ್ತು.

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ ನಮ್ಮೂರು. ಅಲ್ಲಿನ ಗ್ರಾಮ ಪಂಚಾಯ್ತಿಗೆ ಅವರು ಅಭಿವೃದ್ಧಿ ಅಧಿಕಾರಿ. ನಮ್ಮ ಜನರ ಬಾಯಲ್ಲಿ ಪಿಡಿಓ ಸಾಹೇಬ್ರು. ಸಾಹೇಬರ ಲಕ್ಷಣ ಮಾತ್ರ ಒಂದೂ ಇರಲಿಲ್ಲ. ಕುಳ್ಳಗಿನ ಆಳು, ಇಸ್ತ್ರಿ ಕಾಣದ ಅಂಗಿ, ಅಂಗಿಯ ಜೇಬಿನಲ್ಲಿ ಪೆನ್ನಿನ ಜೊತೆ ಸದಾ ಒಂದು ಹಿಡಿ ಹುರಿಗಡಲೆ. ಮಾತಿನ ಮಧ್ಯೆ ಜೇಬಿಗೆ ಕೈ ಹೋಗುತ್ತಿತ್ತು, ಎರಡು ಕಾಳು ಬಾಯಿಗೆ ಬೀಳುತ್ತಿದ್ದವು, ಅಗಿದು ಮುಗಿಯುವ ತನಕ ಎದುರಿಗಿದ್ದವರು ಕಾಯಬೇಕು. ಸಿಟ್ಟಿನಲ್ಲಿ ಬಂದವರ ಸಿಟ್ಟು ಆ ಅಗಿತದಲ್ಲೇ ಅರ್ಧ ಇಳಿದುಹೋಗುತ್ತಿತ್ತು. ಇನ್ನು ನಾನು, ಮದ್ದೂರಿನ ಕಾಲೇಜಿನಲ್ಲಿ ಬಿ.ಎ. ಮಾಡಿ, ಮದುವೆಯಾಗಿ ಬಂದು, ಮಾವನವರ ಕಾಲದ ಆಲೆಮನೆಯನ್ನು ನಡೆಸುತ್ತಿರುವವಳು. ನನ್ನ ಯಜಮಾನರು ಗದ್ದೆ ನೋಡಿಕೊಳ್ಳುತ್ತಾರೆ. ಜನರ ಹತ್ತಿರ ಬಾಯಿ ಮಾಡುವ ಕೆಲಸವೆಲ್ಲ ನನ್ನದು.

ಆಲೆಮನೆ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು. ಗಾಣದಲ್ಲಿ ಕಬ್ಬು ಅರೆದು ಹಾಲು ತೆಗೆಯುತ್ತೇವೆ. ಅದನ್ನು ಕೊಪ್ಪರಿಗೆಯಲ್ಲಿ ಕಾಯಿಸಿ, ಪಾಕ ಬಂದ ಮೇಲೆ ಆರಿಸಿ, ಅಚ್ಚಿಗೆ ಹಾಕಿದರೆ ಬೆಲ್ಲ. ಒಲೆಗೆ, ಅರೆದು ಉಳಿದ ಕಬ್ಬಿನ ಸಿಪ್ಪೆಯೇ ಸೌದೆ. ಬಿಸಿಲಿಗೆ ಗರಿಗರಿ ಒಣಗಿದ ಸಿಪ್ಪೆ ಇದ್ದರೆ ಒಲೆ ತಾನಾಗಿ ಉರಿಯುತ್ತದೆ, ಹೊಗೆಯೂ ಬೆಳ್ಳಗೆ ತೆಳ್ಳಗೆ ಏಳುತ್ತದೆ. ತೊಂದರೆ ಇರುವುದು ಮಳೆಯಲ್ಲಿ. ಮೊದಲೆಲ್ಲ ಮಳೆ ಬರುವ ಕಾಲಕ್ಕೆ ಬರುತ್ತಿತ್ತು, ನಾವೂ ಅದಕ್ಕೆ ತಕ್ಕಂತೆ ಸಿಪ್ಪೆ ಕೂಡಿಡುತ್ತಿದ್ದೆವು. ಈಗ ಅದು ಹೇಳದೆ ಕೇಳದೆ ಬರುವ ನೆಂಟ. ಅಂಗಳದಲ್ಲಿ ಹರಡಿದ ಸಿಪ್ಪೆ ಒಂದು ಗಳಿಗೆಯಲ್ಲಿ ನೆನೆದು ಮುದ್ದೆಯಾಗುತ್ತದೆ. ಒಲೆ ಹತ್ತುವುದಿಲ್ಲ, ಕೊಪ್ಪರಿಗೆಯ ಹಾಲು ಹುಳಿಯುತ್ತದೆ, ಕಡಿದ ಕಬ್ಬು ಗಾಡಿಯಲ್ಲೇ ಬಾಡುತ್ತದೆ. ಅಂಥ ಹೊತ್ತಿಗೆ ಸರಿಯಾಗಿ ಬೆಂಗಳೂರಿನ ಕಡೆಯಿಂದ ಹಳೇ ಟೈರಿನ ಚೂರು, ಹರಿದ ಚಪ್ಪಲಿ, ಪ್ಲಾಸ್ಟಿಕ್ಕು ತುಂಬಿದ ಲಾರಿಗಳು ಬರುತ್ತವೆ. ಒಂದು ಬುಟ್ಟಿ ಟೈರು ಹಾಕಿದರೆ ಸಾಕು, ಎಂಥ ಒಲೆಯೂ ಭುಗ್ಗೆನ್ನುತ್ತದೆ. ಆಮೇಲೆ ಹರವಿದ ಬಟ್ಟೆಯ ಮೇಲೆ ಮಸಿ, ತೆಂಗಿನ ಗರಿಯ ಮೇಲೆ ಮಸಿ, ಪಕ್ಕದ ಸ್ಕೂಲಿನ ಮಕ್ಕಳ ಮೂಗಿನೊಳಗೂ ಮಸಿ. ಎಲ್ಲರಿಗೂ ಗೊತ್ತಿದ್ದರೂ ಯಾರೂ ಬಾಯಿಬಿಡುತ್ತಿರಲಿಲ್ಲ. ಟೈರು ಬಚ್ಚಿಡಲು ಪ್ರತಿ ಆಲೆಮನೆಯ ಹಿಂದೆಯೂ ಒಂದು ಮೂಲೆ ಇತ್ತು.

ಸಿದ್ದರಾಜು ಸಾರ್ ಮೊದಲ ಸಲ ಬಂದಾಗ ನಮ್ಮ ಪದ್ಧತಿಯಂತೆ ಬೆಲ್ಲ ಕೊಟ್ಟೆವು. ಆಲೆಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸುವುದು ನಮ್ಮಲ್ಲಿಲ್ಲ. ನೆಂಟರಿರಲಿ, ಮೀಟರು ನೋಡಲು ಬಂದ ಕರೆಂಟಿನವರಿರಲಿ, ಜಗಳವಾಡಲು ಬಂದವರೇ ಇರಲಿ, ಒಂದು ಲೋಟ ಕಬ್ಬಿನ ಹಾಲು, ಬಾಳೆಲೆಯ ಚೂರಿನ ಮೇಲೆ ಒಂದಿಷ್ಟು ಬಿಸಿಬೆಲ್ಲ. ಆಗ ತಾನೆ ಕೊಪ್ಪರಿಗೆಯಿಂದ ಇಳಿದ ಬೆಲ್ಲ ಕೈ ಸುಡುತ್ತದೆ. ಅದಕ್ಕೆ ಎಲೆಯನ್ನು ಬಾಗಿಲ ಪಕ್ಕದ ಕಲ್ಲುಕಟ್ಟೆಯ ಮೇಲಿಟ್ಟು, "ಆರಿದ ಮೇಲೆ ತಗೊಳ್ಳಿ" ಅನ್ನುತ್ತೇವೆ. ಅವರು ಕಟ್ಟೆಯ ಮೇಲಿನ ಎಲೆಯನ್ನು ಒಂದು ಸಲ ನೋಡಿದರು. "ಬ್ಯಾಡ ಕಣಕ್ಕ" ಅಂದು ಜೇಬಿನಿಂದ ಎರಡು ಹುರಿಗಡಲೆ ತೆಗೆದು ಬಾಯಿಗೆ ಹಾಕಿಕೊಂಡರು. ಆಮೇಲೂ ಎಷ್ಟೋ ಸಲ ಬಂದರು, ಪ್ರತಿ ಸಲವೂ ಇದೇ. ಬೆಲ್ಲದ ರಾಶಿಯ ಮುಂದೆ ನಿಂತು ಬರೀ ಹುರಿಗಡಲೆ ತಿನ್ನುವ ಮನುಷ್ಯನನ್ನು ಪ್ರಪಂಚದಲ್ಲಿ ನಾನು ನೋಡಿದ್ದು ಅವರೊಬ್ಬರನ್ನೇ.

ಊರಿನಲ್ಲಿ ಇದಕ್ಕೆ ನಾನಾ ಅರ್ಥ ಹುಟ್ಟಿದವು. ಶುಗರ್ ಇರಬೇಕು ಅಂದರು ನನ್ನ ಯಜಮಾನರು. ಲಂಚ ಮುಟ್ಟದ ಮನುಷ್ಯ, ಬೆಲ್ಲವನ್ನೂ ಲಂಚ ಅಂದುಕೊಂಡವ್ನೆ ಅಂದರು ಗಾಣದ ಆಳುಗಳು. ಬೋರೇಗೌಡರು ಮಾತ್ರ ತಲೆಯಾಡಿಸಿದರು. ಬೋರೇಗೌಡರೆಂದರೆ ನಮ್ಮ ಸುತ್ತಿನ ಆಲೆಮನೆಯವರಿಗೆಲ್ಲ ಹಿರಿಯರು. ದೊಡ್ಡ ಆಳು, ದೊಡ್ಡ ದನಿ, ಗುಟ್ಟು ಹೇಳಿದರೂ ಪಕ್ಕದ ಊರಿಗೆ ಕೇಳಬೇಕು. "ನಮ್ ಬೆಲ್ಲ ತಿಂದ್ರೆ ನಮ್ ಋಣ ಬೀಳ್ತದಲ್ಲ, ಅದ್ಕೇ ತಿನ್ನಾಕಿಲ್ಲ. ನಾಳೆ ಬೀಗ ಜಡ್ಸೋಕೆ ಬಂದವ್ನೆ ಕಣಮ್ಮ ಇವ್ನು, ಬರ್ಕೊ" ಅಂದರು.

ಅದೇ ಸುಮಾರಿಗೆ ಮಂಡ್ಯದಲ್ಲಿ ಅಧಿಕಾರಿಗಳಿಗೊಂದು ಸಭೆಯಾಯಿತು. ಹವಾಮಾನ ಕೆಡುತ್ತಿದೆ, ಪಂಚಾಯ್ತಿಗಳು ತಮ್ಮ ತಮ್ಮ ಊರಿನ ಉದ್ದಿಮೆದಾರರನ್ನು ಜೊತೆಗೆ ಕರೆದುಕೊಂಡು ಏನಾದರೂ ಮಾಡಬೇಕು ಎಂದು ಅಲ್ಲಿ ಹೇಳಿದರಂತೆ. ಬೇರೆಯವರು ಊಟ ಮಾಡಿ ಫೋಟೊ ತೆಗೆಸಿಕೊಂಡು ಬಂದರು. ಸಿದ್ದರಾಜು ಸಾರ್ ಅದನ್ನು ನಿಜವೆಂದು ನಂಬಿಕೊಂಡು ಬಂದರು. ಮರುವಾರವೇ ಪಂಚಾಯ್ತಿ ಹಾಲಿನಲ್ಲಿ ಆಲೆಮನೆಯವರನ್ನೆಲ್ಲ ಕೂರಿಸಿ ಹವಾಮಾನದ ಮಾತೆತ್ತಿದರು.

"ಹವಾಮಾನ ಕೆಡ್ಸಿರೋದು ನಮ್ ಆಲೆಮನೇನಾ ಸಾಹೇಬ್ರೆ?" ಬೋರೇಗೌಡರು ಎದ್ದು ನಿಂತರು. "ಬೆಂಗ್ಳೂರ್ ಕಾರುಗಳೆಲ್ಲ ಊದುಬತ್ತಿ ಒಗೆ ಬುಡ್ತಾವಾ?"

ಹಾಲೆಲ್ಲ ನಗು. ಸಾರ್ ಕೂಡ ನಕ್ಕರು. ಹುರಿಗಡಲೆ ಅಗಿದು ಮುಗಿಸಿ, "ಬುಡಲ್ಲ ಗೌಡ್ರೆ. ಆದ್ರೆ ಬೆಂಗ್ಳೂರು ನನ್ ಪಂಚಾಯ್ತಿಗೆ ಬರಲ್ಲ, ನೀವು ಬತ್ತೀರ. ಯಾರ್ಯಾರ್ತಾವ ಏನೇನ್ ಐತೆ ತೋರ್ಸಿ. ಬೈಯಲ್ಲ, ಬೀಗ ಆಕ್ಸಲ್ಲ. ತೋರ್ಸಿದ್ದು ನನ್ ತಲೆ ಮ್ಯಾಲೆ, ಬಚ್ಚಿಟ್ಟಿದ್ದು ನಿಮ್ ತಲೆ ಮ್ಯಾಲೆ" ಅಂದರು. ಈ ಮಾತನ್ನು ಅವರು ಆಮೇಲೆ ಎಷ್ಟು ಸಲ ಹೇಳಿದರೆಂದರೆ, ನಮ್ಮ ಗಾಣದ ಹೆಂಗಸರು ತಮ್ಮತಮ್ಮಲ್ಲೇ ಅಣಕಿಸಿ ನಗುತ್ತಿದ್ದರು. ಅವತ್ತು ಯಾರೂ ತೋರಿಸಲಿಲ್ಲ. ಕಾಫಿ ಕುಡಿದು ಎದ್ದುಹೋದರು.

ಅವರು ನೋಟೀಸು ಕಳಿಸುತ್ತಾರೆಂದು ಕಾದೆವು, ಕಳಿಸಲಿಲ್ಲ. ಬದಲಿಗೆ ಒಂದು ದಿನ ಬೆಳಗ್ಗೆಯಿಂದಲೇ ಮಳೆ ಜಡಿ ಹಿಡಿದಿದ್ದಾಗ, ನೆನೆದು ತೊಪ್ಪೆಯಾಗಿ ನಮ್ಮ ಆಲೆಮನೆಗೆ ಬಂದರು. ಅವತ್ತು ಮೇಲೆ ನೋಡಲಿಲ್ಲ, ಸೀದಾ ಒಲೆಯ ಬಾಯಿಗೆ ಹೋದರು. ಒಲೆ ಹಾಕುವ ಆಳನ್ನು ಪಕ್ಕಕ್ಕೆ ಸರಿಸಿ ತಾವೇ ಕುಕ್ಕರುಗಾಲಲ್ಲಿ ಕೂತು, "ಇವತ್ ಟೈರು ಮುಟ್ಬ್ಯಾಡಿ. ಬರೀ ಸಿಪ್ಪೇಲಿ ನಾನೇ ಉರಿ ಆಕ್ತೀನಿ" ಅಂದರು. ನಾನು ಒಳಗೊಳಗೇ ನಕ್ಕೆ. ಹಾಕಲಿ, ಗೊತ್ತಾಗುತ್ತದೆ ಅಂದುಕೊಂಡೆ.

ಮಧ್ಯಾಹ್ನದ ತನಕ ಹಾಕಿದರು. ಹಸಿ ಸಿಪ್ಪೆ ಬುಸ್ಸೆಂದು ಹೊಗೆ ಕಾರುತ್ತಿತ್ತೇ ಹೊರತು ಉರಿಯುತ್ತಿರಲಿಲ್ಲ. ಅವರ ಕಣ್ಣು ಕೆಂಡವಾದವು, ಮೂಗಿನಲ್ಲಿ ನೀರು ಇಳಿಯಿತು, ಕೆಮ್ಮಿ ಕೆಮ್ಮಿ ಗಂಟಲು ಕಟ್ಟಿತು. ಕೊಪ್ಪರಿಗೆಯ ಹಾಲು ಪಾಕಕ್ಕೆ ಬರಲೇ ಇಲ್ಲ. ಕೊನೆಗೆ ಅದನ್ನು ನಾವು ಹೊರಗೆ ಚೆಲ್ಲಿದೆವು. ಚೆಲ್ಲುವಾಗ ಅವರು ಪಕ್ಕದಲ್ಲೇ ನಿಂತಿದ್ದರು. ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಂಡು, "ನೀವ್ ಏಳೋದು ನಿಜ ಕಣಕ್ಕ. ಒದ್ದೆ ಸಿಪ್ಪೇಲಿ ಬೆಲ್ಲ ಆಗಾಕಿಲ್ಲ. ಮಳೆ ಕೆಟ್ಟದ್ದಕ್ಕೆ ನೀವ್ ಟೈರು ಆಕ್ತೀರ, ಟೈರ್ ಒಗೆಗೆ ಮಳೆ ಇನ್ನೂ ಕೆಡ್ತದೆ. ಇದ್ರಾಗೆ ನಿಮ್ ತಪ್ಪು ಎಷ್ಟು ಅಂತ ಏಳನ?" ಅಂದರು.

ನನಗೆ ನಗು ಎಲ್ಲಿ ಹೋಯಿತೋ ಗೊತ್ತಿಲ್ಲ. ಸರ್ಕಾರದ ಕಡೆಯವರೊಬ್ಬರು ನಮ್ಮ ಆಲೆಮನೆಯೊಳಗೆ ನಿಂತು "ನೀವು ಹೇಳುವುದು ನಿಜ" ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವತ್ತೇ ಹಿತ್ತಲಿನ ಮೂಲೆಗೆ ಕರೆದುಕೊಂಡು ಹೋಗಿ, ತಗಡು ಸರಿಸಿ, ಟೈರಿನ ರಾಶಿ ತೋರಿಸಿದೆ. "ತಗೊಳ್ಳಿ ಸಾರ್, ನಿಮ್ಮ ತಲೆ ಮೇಲೆ" ಅಂದೆ. ಅವರು ರಾಶಿಗೇ ಕೈಮುಗಿದರು.

ಆಮೇಲಿನದು ಅವರ ಓಡಾಟದ ಕಾಲ. ಬೆಳಗ್ಗೆ ಮಂಡ್ಯ, ಸಂಜೆ ನಮ್ಮೂರು. ಪಂಚಾಯ್ತಿಯ ಜಾಗದಲ್ಲಿ, ರಸ್ತೆ ಪಕ್ಕ, ಎಲ್ಲ ಆಲೆಮನೆಯವರೂ ಸಿಪ್ಪೆ ಒಣಗಿಸಿಕೊಳ್ಳಲು ಒಂದು ದೊಡ್ಡ ಶೆಡ್ಡು ಕಟ್ಟುವುದು. ಜಾಗವೂ ಕಂಬವೂ ಪಂಚಾಯ್ತಿಯದು, ಮೇಲಿನ ಶೀಟು ನಮ್ಮದು. ಅರ್ಧ ನೀವು, ಅರ್ಧ ನಾವು ಅನ್ನುವುದು ಅವರಿಗೆ ಬಹಳ ಮುಖ್ಯವಾಗಿತ್ತು. ಪೂರ್ತಿ ಪಂಚಾಯ್ತಿಯೇ ಕಟ್ಟಿದರೆ ನಾಳೆ ಶೀಟು ಹಾರಿಹೋದಾಗ ಯಾರೂ ತಿರುಗಿ ನೋಡುವುದಿಲ್ಲ ಅನ್ನುತ್ತಿದ್ದರು. ನಾನು ಒಪ್ಪಿದ ಮೇಲೆ ಇನ್ನೊಂದಿಷ್ಟು ಜನ ಒಪ್ಪಿದರು. ಬೋರೇಗೌಡರು ಗೊಣಗುತ್ತಲೇ ಬಂದು, ಕೆಲಸ ಶುರುವಾದ ಮೇಲೆ ಎಲ್ಲರಿಗಿಂತ ಹೆಚ್ಚು ಕೂಗಾಡಿ, ಶೀಟು ಸೊಟ್ಟಗಾಯಿತೆಂದು ಎರಡು ಸಲ ಬಿಚ್ಚಿಸಿದರು.

ಶೀಟು ಹೊದಿಸಿದ ದಿನ ಸಂಜೆ ಸಾರ್ ನಮ್ಮಲ್ಲಿಗೆ ಬಂದು ಕಟ್ಟೆಯ ಹತ್ತಿರ ನಿಂತಿದ್ದರು. ಬೋರೇಗೌಡರೂ ಜೊತೆಯಲ್ಲಿದ್ದರು. ನಾನು ಎಂದಿನಂತೆ ಬಿಸಿಬೆಲ್ಲದ ಎಲೆ ತಂದು ಕಟ್ಟೆಯ ಮೇಲಿಟ್ಟೆ. ಅವರು ಎಂದಿನಂತೆ ಹುರಿಗಡಲೆಗೆ ಕೈ ಹಾಕಿದರು. ನನಗೆ ರೇಗಿಹೋಯಿತು.

"ನಿಮಗೇನು ಶುಗರ್ರಾ ಸಾರ್?" ಅಂದೆ.

"ಇಲ್ಲ ಕಣಕ್ಕ." ಕೈಗೆ ಬಂದ ಹುರಿಗಡಲೆಯನ್ನು ಮತ್ತೆ ಜೇಬಿಗೆ ಹಾಕಿಕೊಂಡು ಹೇಳಿದರು. "ನಮ್ದು ಮಳವಳ್ಳಿ ಕಡೆ ಅಳ್ಳಿ. ಸಣ್ಣೋನಾಗಿದ್ದಾಗ ಅವ್ವನ್ ಜೊತೆ ಕಬ್ ಕಡಿಯೋ ಕಡೆ ಓಗ್ತಿದ್ದೆ. ಆಲೆಮನೇಲಿ ಬೆಲ್ಲ ಎಲ್ರಿಗೂ ಕೊಡೋರು. ಬ್ಯಾರೆಯೋರ್ಗೆ ಕೈಗೆ. ನಮ್ ಕೇರಿಯೋರ್ಗೆ ಎಲೆ ಮ್ಯಾಲೆ, ದೂರ್ದಲ್ಲಿ ನೆಲಕ್ಕೆ. ನಮ್ಮವ್ವ ನನ್ ಕೈ ಇಡ್ಕೊಂಡು ಅಂದ್ಲು, ಕೈಗೆ ಕೊಟ್ರೆ ತಿನ್ನು ಮಗ, ನೆಲಕ್ಕಿಟ್ರೆ ಮುಟ್ಬ್ಯಾಡ ಅಂತ. ಅವತ್ನಿಂದ ಅಂಗೇ."

"ಅಯ್ಯೋ, ನಾವು ಕಟ್ಟೆ ಮೇಲೆ ಇಡೋದು ಕೈ ಸುಡ್ತದೆ ಅಂತ ಕಣ್ ಸಾರ್! ಎಲ್ರಿಗೂ ಅಲ್ಲೇ ಇಡೋದು!"

"ನೀವ್ ಇಡೋದು ಸುಡ್ತದೆ ಅಂತ. ನಂಗ್ ಕಾಣ್ಸೋದು ಅದೇ ನೆಲ" ಅಂದರು. ದನಿಯಲ್ಲಿ ಕೋಪವಿರಲಿಲ್ಲ.

ನಾನು ಹೇಳಿದ್ದು ಸುಳ್ಳಲ್ಲ. ಆದರೆ ಮಾವನವರ ಕಾಲದಲ್ಲಿ ಸಿಪ್ಪೆ ಮೆದೆಯ ಆಚೆ ಅಂಥ ಕೇರಿಯವರಿಗೆಂದು ಇನ್ನೊಂದು ಕಲ್ಲು ಬೇರೆಯಾಗಿಯೇ ಇತ್ತು ಅನ್ನುವುದೂ ಸುಳ್ಳಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಅದನ್ನು ನಾನೇ ನೋಡಿದ್ದೇನೆ. ಇಷ್ಟು ದಿನ ಊರೆಲ್ಲ ಈ ಮನುಷ್ಯ ಬೀಗ ಹಾಕಿಸಲು ಬಂದವನು ಅಂದುಕೊಂಡಿತ್ತು. ಅವರು ನಮ್ಮನ್ನು ಅದೇ ಹಳೇ ಕಲ್ಲಿನವರು ಅಂದುಕೊಂಡೂ ಸುಮ್ಮನೆ ನಮಗಾಗಿ ಓಡಾಡಿದ್ದರು. ನನಗೆ ಅಳು ಬಂತು. ಎಲೆಯನ್ನು ಕಟ್ಟೆಯಿಂದ ಎತ್ತಿ, ಬೆಲ್ಲವನ್ನು ನನ್ನ ಅಂಗೈಗೆ ಹಾಕಿಕೊಂಡು ಊದಿದೆ. ಸುಟ್ಟಿತು, ಸುಡಲಿ ಅಂದುಕೊಂಡೆ. ಹದವಾಗಿ ಆರಿದ ಮೇಲೆ ಅವರ ಕೈಗೆ ಹಾಕಿದೆ. ಅವರು ನಾಲ್ಕು ಹುರಿಗಡಲೆಯನ್ನು ಅದರೊಳಗೆ ಒತ್ತಿ, ಬಾಯಿಗೆ ಹಾಕಿಕೊಂಡು, ಕಣ್ಣುಮುಚ್ಚಿ ಅಗಿದರು.

"ಎಂಗೈತೆ?" ಅಂದರು ಬೋರೇಗೌಡರು. ಅವರ ದನಿ ಅಷ್ಟು ಮೆತ್ತಗಾದದ್ದನ್ನು ನಾನು ಕೇಳಿರಲಿಲ್ಲ.

"ನಮ್ಮವ್ವುಂಗೆ ಏಳ್ಬೇಕು" ಅಂದರು ಸಾರ್.

ಶೆಡ್ಡಿನ ಪೂಜೆಯ ದಿನ ಊರ ಮುಂದೆ ಬೋರೇಗೌಡರೇ ಮೊದಲ ಬೆಲ್ಲವನ್ನು ಅವರ ಕೈಗೆ ಕೊಟ್ಟರು. ಅದೇ ದಿನ ಸಾರ್ ಇನ್ನೊಂದು ಮಾತು ಕೇಳಿದರು. ಎಲ್ಲರೂ ಬಚ್ಚಿಟ್ಟಿರುವ ಟೈರನ್ನೆಲ್ಲ ತಂದು ಶೆಡ್ಡಿನ ಮುಂದೆ, ರಸ್ತೆಗೆ ಕಾಣುವ ಹಾಗೆ ರಾಶಿ ಹಾಕಬೇಕು. ಪಂಚಾಯ್ತಿ ಲಾರಿ ತರಿಸಿ ಸಿಮೆಂಟ್ ಕಾರ್ಖಾನೆಗೆ ಕಳಿಸುತ್ತದೆ, ಅಲ್ಲಿನ ದೊಡ್ಡ ಕುಲುಮೆಯಲ್ಲಿ ಮಸಿ ಏಳದ ಹಾಗೆ ಉರಿಸುತ್ತಾರಂತೆ.

"ಹಿತ್ತಲಲ್ಲಿರೋದ ರಸ್ತೆಗೆ ತಂದು ಆಕಿ ಅಂತೀರಲ್ಲ ಸಾಹೇಬ್ರೆ, ನಾಳೆ ಯಾರಾರ ನೋಡಿದ್ರೆ?" ಬೋರೇಗೌಡರಿಗೆ ಒಳಗೊಳಗೇ ಅಳುಕು.

"ನೋಡ್ಲಿ ಅಂತಾನೇ ಗೌಡ್ರೆ. ತೋರ್ಸಿದ್ದು ನನ್ ತಲೆ ಮ್ಯಾಲೆ."

ಗಾಡಿಗಟ್ಟಲೆ ಟೈರು ಬಂದು ಬಿತ್ತು. ಬೋರೇಗೌಡರದೇ ಹೆಚ್ಚು. ಊರಾಚೆಯ ಕೆಲವರು ಮಾತ್ರ ಬಾಯಿಮಾತಿಗೆ ಹೂಂ ಅಂದು, ತಮ್ಮದನ್ನು ತಮ್ಮ ಮೂಲೆಯಲ್ಲೇ ಇಟ್ಟುಕೊಂಡರು. ಆ ಮಳೆಗಾಲವನ್ನು ನಾನು ಮರೆಯುವುದಿಲ್ಲ. ಹೊರಗೆ ಜಡಿಮಳೆ, ಶೆಡ್ಡಿನೊಳಗೆ ಒಣ ಸಿಪ್ಪೆ, ನಮ್ಮ ಚಿಮಣಿಗಳ ಮೇಲೆಲ್ಲ ಬೆಳ್ಳನೆಯ ಹೊಗೆ. ಬೆಲ್ಲಕ್ಕೆ ನನ್ನ ಮಾವನವರ ಕಾಲದ ಬಣ್ಣ ಬಂತು. ಸಾರ್ ದಿನವೂ ಬರುತ್ತಿದ್ದರು. ಬೈಕು ನಿಲ್ಲಿಸಿ ಕತ್ತೆತ್ತಿ ನೋಡಿ, "ಒಗೆ ಸುಳ್ಳೇಳಾಕಿಲ್ಲ ಕಣಕ್ಕ" ಅಂದು ಕೈ ಚಾಚುತ್ತಿದ್ದರು. ಜೇಬಿನ ಹುರಿಗಡಲೆ ಬೇಗ ಬೇಗ ಖಾಲಿಯಾಗತೊಡಗಿತು.

ಲಾರಿ ಮಾತ್ರ ಬರಲಿಲ್ಲ. ಇವತ್ತು ನಾಳೆ ಎಂದು ಮಂಡ್ಯದವರು ಹೇಳುತ್ತಲೇ ಇದ್ದರು. ಅಲ್ಲಿನ ಇನ್ನೊಂದು ಸಭೆಯಲ್ಲಿ ಸಾರ್ ಎದ್ದು ನಿಂತು ನಮ್ಮನ್ನು ಹೊಗಳಿದರಂತೆ. ನಮ್ಮ ಹೆಸರು, ಬೋರೇಗೌಡರ ಹೆಸರು ಹೇಳಿ, ಇವರೆಲ್ಲ ಟೈರು ಸುಡುತ್ತಿದ್ದವರು, ಈಗ ತಾವಾಗಿಯೇ ನಿಲ್ಲಿಸಿದ್ದಾರೆ, ಬಂದು ನೋಡಿ ಅಂದರಂತೆ. ಬಂದ ಮೇಲೆ ನನಗೆ ಹೇಳಿದ್ದೂ ಹಾಗೆಯೇ, ಮಕ್ಕಳು ಪಾಸಾದ ಸುದ್ದಿ ಹೇಳುವವರ ಸಂಭ್ರಮದಲ್ಲಿ.

ಬಂದು ನೋಡಿದರು, ನಿಜ. ಟೈರು ಸುಡುವ ಆಲೆಮನೆಗಳನ್ನು ಕೂಡಲೇ ಮುಚ್ಚಿಸಬೇಕೆಂದು ಎಲ್ಲೋ ಮೇಲಿನಿಂದ ಆದೇಶವಾಗಿತ್ತು. ಒಂದು ಬೆಳಗ್ಗೆ ಅಧಿಕಾರಿಗಳ ಜೀಪುಗಳು ಬಂದು ಶೆಡ್ಡಿನ ಮುಂದೆ ನಿಂತವು. ಟೈರಿನ ರಾಶಿಯ ಫೋಟೊ ತೆಗೆದರು. ಇದು ಯಾರದು ಎಂದು ಕೇಳಿದರು. ಸಿಪ್ಪೆ ಹರಡುತ್ತಿದ್ದ ನಮ್ಮ ಹೆಂಗಸರು ಹೆದರಲೂ ಇಲ್ಲ, ಸುಳ್ಳಾಡಲೂ ಇಲ್ಲ. ನಮ್ಮ ಪದ್ಮಕ್ಕಂದು, ಬೋರೇಗೌಡ್ರುದು ಎಂದು ಒಂದೊಂದಾಗಿ ಹೇಳಿದರು. ತೋರಿಸಲೆಂದೇ ಇಟ್ಟದ್ದಲ್ಲವೇ! ಅಲ್ಲಿಂದ ಸೀದಾ ನಮ್ಮಲ್ಲಿಗೆ ಬಂದರು. ಕೊಪ್ಪರಿಗೆ ಒಲೆಯ ಮೇಲಿತ್ತು, ಹಾಲು ಅರ್ಧ ಕಾದಿತ್ತು. ಇದೊಂದು ಪಾಕ ಇಳಿಸಿಕೊಳ್ಳುತ್ತೇವೆ ಎಂದು ನಾನು ಬೇಡಿಕೊಂಡೆ. ಉರಿ ಆರಿಸಿ, ಕರೆಂಟು ಕಿತ್ತು, ಬಾಗಿಲಿಗೆ ಬೀಗ ಜಡಿದು ಅರಗಿನ ಸೀಲು ಹಾಕಿದರು.

ಅಷ್ಟರಲ್ಲಿ ಸಿದ್ದರಾಜು ಸಾರ್ ಬಂದರು. ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ, ಬೈಕಿಗೆ ಸ್ಟ್ಯಾಂಡು ಹಾಕಲಿಲ್ಲ, ಅದು ಹೊಂಗೆಮರದ ಕೆಳಗೆ ಬಿತ್ತು. ಅಧಿಕಾರಿಗಳ ಎದುರು ಯಾವಾಗಲೂ ಅಚ್ಚುಕಟ್ಟಾದ ಆಫೀಸು ಕನ್ನಡ ಮಾತಾಡುತ್ತಿದ್ದ ಮನುಷ್ಯ, ಅವತ್ತು ಎಲ್ಲ ಮರೆತು ಕೂಗಿಕೊಂಡರು. "ಸಾರ್, ಮ್ಯಾಕ್ ನೋಡಿ ಸಾರ್! ಚಿಮಣಿ ನೋಡಿ ಸಾರ್! ಬೆಳ್ಳಗೈತೆ, ಇನ್ನೂ ಬೆಳ್ಳಗೇ ಐತೆ!"

ಆರಿಸಿದ ಒಲೆಯ ಕೊನೆಯ ಹೊಗೆ ತೆಳ್ಳಗೆ ಏಳುತ್ತಿತ್ತು. ಯಾರೂ ಕತ್ತೆತ್ತಲಿಲ್ಲ.

"ರೀ, ನೀವೇ ಮೀಟಿಂಗಲ್ಲಿ ಹೇಳಿದ್ರಲ್ಲ, ಇವರೆಲ್ಲ ಟೈರು ಸುಡ್ತಿದ್ರು ಅಂತ" ಅಂದರು ಜೀಪಿನವರಲ್ಲಿ ಹಿರಿಯರು.

"ಸುಡ್ತಿದ್ರು ಸಾರ್. ಈಗ ನಿಲ್ಲಿಸವ್ರೆ ಅಂತಾನೂ ಏಳಿದ್ನಲ್ಲ ಸಾರ್."

"ಅದನ್ನ ಆಫೀಸಿಗೆ ಬಂದು ಹೇಳಿ."

ಜೀಪು ಬೋರೇಗೌಡರ ಕಡೆಗೆ ಹೊರಟಿತು. ಅಲ್ಲೂ ಬೀಗ. ತೋರಿಸಿದವರ ಬಾಗಿಲಿಗೆಲ್ಲ ಬೀಗ ಬಿತ್ತು. ಊರಾಚೆಯಲ್ಲಿ ಬಚ್ಚಿಟ್ಟುಕೊಂಡವರ ಚಿಮಣಿಗಳು ಅವತ್ತೂ ಕರ್ರಗೆ ಉಗುಳುತ್ತಲೇ ಇದ್ದವು. ಜೀಪುಗಳು ಅತ್ತ ತಿರುಗಲಿಲ್ಲ, ಅಲ್ಲಿ ರಸ್ತೆಗೆ ಕಾಣುವಂತೆ ಏನೂ ಇರಲಿಲ್ಲ.

ಸಂಜೆ ಎಲ್ಲರೂ ಶೆಡ್ಡಿನ ಹತ್ತಿರ ಸೇರಿದಾಗ ಬೋರೇಗೌಡರು ಕೂಗಾಡುತ್ತಾರೆ, ಕೈಯೆತ್ತಿದರೂ ಎತ್ತಿಯಾರು ಎಂದು ನನಗೆ ಭಯವಿತ್ತು. ಅವರು ನಿಧಾನವಾಗಿ ಸಾರ್ ಹತ್ತಿರ ಬಂದು, ಎಲ್ಲರಿಗೂ ಕೇಳುವ ಆ ದನಿಯನ್ನೆಲ್ಲ ನುಂಗಿಕೊಂಡು, "ತೋರ್ಸಿದ್ದು ನನ್ ತಲೆ ಮ್ಯಾಲೆ ಅಂದಿದ್ರಲ್ಲ ಸಾಹೇಬ್ರೆ. ನಾ ನಂಬ್ದೆ" ಅಂದರು. ಅಷ್ಟೇ ಅಂದು, ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಟುಹೋದರು. ಜೇಬಿಗೆ ಹೋದ ಸಾರ್ ಕೈ ಅಲ್ಲೇ ನಿಂತಿತು.

ಬೀಗ ತೆಗೆಸಲು ಅವರು ಪಟ್ಟ ಪಾಡನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬೆಳಗಿನ ಬಸ್ಸಿಗೆ ಮಂಡ್ಯ, ಒಂದು ಆಫೀಸಿನಿಂದ ಇನ್ನೊಂದು ಆಫೀಸು, ಸಾಹೇಬರಿಲ್ಲ, ನಾಳೆ ಬನ್ನಿ. ನಾನೂ ಕೆಲವು ಸಲ ಜೊತೆಗೆ ಹೋಗಿದ್ದೆ. ಹೊರಗಿನ ಬೆಂಚಿನಲ್ಲಿ ಕೂತು ಅವರು ಪ್ರತಿಯೊಬ್ಬರಿಗೂ ಅದೇ ಮಾತು ಹೇಳುತ್ತಿದ್ದರು, ನಿಲ್ಲಿಸಿದವರಿಗೇ ಶಿಕ್ಷೆಯಾದರೆ ಇನ್ನು ಯಾರು ಸಾರ್ ನಮ್ಮನ್ನು ನಂಬುತ್ತಾರೆ ಎಂದು. ಒಬ್ಬ ಗುಮಾಸ್ತ, "ನೀವು ಸರ್ಕಾರದ ಕಡೆಯವರಾ, ಅವರ ಕಡೆಯವರಾ?" ಅಂದು ನಕ್ಕ. ಸಾರ್ ನಗಲಿಲ್ಲ. "ಎರಡೂ ಕಡೆ ಒಂದೇ ಆಗ್ಲಿ ಅಂತ ಓಡಾಡ್ದೋನು ನಾನು" ಅಂದರು. ದಿನೇ ದಿನೇ ಸೊರಗಿದರು. ಅಂಗಿ ಅವರ ಮೈಮೇಲೆ ಜೋತಾಡತೊಡಗಿತು.

ಕೊನೆಗೂ ಬೀಗ ತೆಗೆದರು, ಆದರೆ ಅಷ್ಟು ಹೊತ್ತಿಗೆ ಗದ್ದೆಯ ಕಬ್ಬು ಬಲಿತು ಒಣಗಿ ಹಾಳಾಗಿತ್ತು. ಬೋರೇಗೌಡರು ಬೀಗ ತೆಗೆದ ದಿನವೇ ಟೈರು ತರಿಸಿ ಒಲೆಗೆ ಹಾಕಿದರು. ಊರಿಗೆಲ್ಲ ಕಾಣಲಿ ಎಂದೇ ಹಾಕಿದರು. ಅವರ ಹಿಂದೆ ಉಳಿದವರೂ ಹಾಕಿದರು. ಶೆಡ್ಡಿನಲ್ಲಿ ನನ್ನೊಬ್ಬಳ ಸಿಪ್ಪೆ ಉಳಿಯಿತು.

ಆ ವಾರವೇ ಸಾರ್‌ಗೆ ಜಿಲ್ಲೆಯ ಇನ್ನೊಂದು ತುದಿಗೆ ವರ್ಗವಾಯಿತು. ಹೋಗುವ ಮುಂಚೆ ನಮ್ಮಲ್ಲಿಗೆ ಬಂದರು. ಬೈಕು ನಿಲ್ಲಿಸಿದರು, ಹೆಲ್ಮೆಟ್ ತೆಗೆದರು, ಮೇಲೆ ನೋಡಲಿಲ್ಲ. ನೆಲ ನೋಡುತ್ತ ನಿಂತರು.

"ಮೇಲೆ ನೋಡಿ ಸಾರ್. ನಂದು ಬೆಳ್ಳಗೇ ಐತೆ" ಅಂದೆ.

ನೋಡಿದರು. ನೋಡಿದ ಕಣ್ಣು ಅಲ್ಲಿ ನಿಲ್ಲದೆ, ಗದ್ದೆಯಾಚೆ ಬೋರೇಗೌಡರ ಚಿಮಣಿಯತ್ತ ಹೋಯಿತು. ಅದು ಕರ್ರಗೆ ಕಾರುತ್ತಿತ್ತು. "ಗೌಡ್ರು ಏನಾರ ಅಂದ್ರಾ?" ಅಂತ ಕೇಳಿದರು.

"ಏನೂ ಅನ್ನಲಿಲ್ಲ ಸಾರ್."

"ಬೈದಿದ್ರೆ ಚೆಂದಾಗಿತ್ತು."

ಬೆಲ್ಲ ಆರಿಸಿ ಕೈಗೆ ಕೊಡಲು ಹೋದೆ. ಕೈ ಹಿಂದಕ್ಕೆ ತೆಗೆದುಕೊಂಡರು. "ಬ್ಯಾಡ ಕಣಕ್ಕ. ಮಾತ್ ಉಳ್ಸಿಕೊಳ್ದೋನ್ ಕೈಗೆ ಯಾಕೆ ಬೆಲ್ಲ?"

"ನೀವು ಮಾತು ತಪ್ಪಲಿಲ್ಲ ಸಾರ್. ನಾನು ಹೇಳ್ತಾ ಇದೀನಲ್ಲ!"

"ನೀವ್ ಏಳ್ತೀರ, ಗೊತ್ತು. ಗೌಡ್ರು ಏಳ್ಬೇಕಲ್ಲ" ಅಂದರು. ಜೇಬಿನಲ್ಲಿದ್ದ ಹುರಿಗಡಲೆಯನ್ನೆಲ್ಲ ತೆಗೆದು ನನ್ನ ಕೈಗೆ ಹಾಕಿ, "ಬತ್ತೀನಿ ಪದ್ಮಕ್ಕ" ಅಂದು ಹೊರಟರು. ನನ್ನ ಒಂದು ಕೈಯಲ್ಲಿ ಬೆಲ್ಲ, ಇನ್ನೊಂದು ಕೈಯಲ್ಲಿ ಹುರಿಗಡಲೆ. ಬೈಕು ರಸ್ತೆಯ ತಿರುವು ದಾಟುವ ತನಕ ಹಾಗೇ ನಿಂತಿದ್ದೆ.

ಮುಂದಿನ ಮಳೆಗಾಲ ಬರುವ ಮೊದಲೇ ಸುದ್ದಿ ಬಂತು. ಮಂಡ್ಯ ಬಸ್ ಸ್ಟ್ಯಾಂಡಿನಲ್ಲಿ ಮಳವಳ್ಳಿ ಬಸ್ಸಿಗೆ ಕಾಯುತ್ತ ನಿಂತವರು ಹಾಗೇ ಕುಸಿದರಂತೆ. ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಮುಗಿದಿತ್ತು. ವಯಸ್ಸು ಐವತ್ತೂ ಆಗಿರಲಿಲ್ಲ. ಸುದ್ದಿ ಕೇಳಿ ನಾನು ಒಲೆಯ ಮುಂದೆ ಕೂತು ಅತ್ತೆ. ಅತ್ತದ್ದು ಹೊಗೆಗೆ ಎಂದು ಆಳುಗಳಿಗೆ ಸುಳ್ಳು ಹೇಳಲೂ ಆಗಲಿಲ್ಲ, ಒಣ ಸಿಪ್ಪೆಯ ಒಲೆಯಲ್ಲಿ ಕಣ್ಣುರಿಸುವ ಹೊಗೆ ಎಲ್ಲಿಂದ ಬರಬೇಕು?

ಮರುದಿನ ಬೆಲ್ಲದ ಅಚ್ಚುಗಳನ್ನು ಕಟ್ಟಿಕೊಂಡು ಮಳವಳ್ಳಿ ಬಸ್ಸಿಗೆ ರಸ್ತೆಯಲ್ಲಿ ನಿಂತಿದ್ದೆ. ಬೋರೇಗೌಡರ ಕಾರು ಬಂದು ಪಕ್ಕದಲ್ಲಿ ನಿಂತಿತು. "ಕಾರ್ ಅತ್ತು ಕಣಮ್ಮ" ಅಂದು ಬಾಗಿಲು ತೆರೆದರು.

ಸಾರ್ ಮನೆ ಚಿಕ್ಕದು. ಗೋಡೆಯಲ್ಲಿ ಬುದ್ಧನ ಚಿತ್ರ, ಅದರ ಪಕ್ಕದಲ್ಲಿ ಸಾರ್ ಫೋಟೊ. ಕೆಳಗೆ ಅವರ ತಾಯಿ ಚಿಕ್ಕತಾಯವ್ವ ಗೋಡೆಗೆ ಒರಗಿ ಕೂತಿದ್ದರು. ನಾನು ಎಲ್ಲಿಯವಳೆಂದು ಹೇಳಿದೆ. ಮಂಜಾದ ಕಣ್ಣಿನಲ್ಲಿ ನನ್ನನ್ನೇ ನೋಡಿ, "ಆಲೆಮನೆಯೋರಾ? ನನ್ ಮಗುಂಗೆ ಕೈಗ್ ಬೆಲ್ಲ ಕೊಟ್ಟೋರು ನೀವೇನಾ?" ಅಂದರು. ನಾನು ಒಂದು ಅಚ್ಚು ಬೆಲ್ಲ ತೆಗೆದು ಅವರ ಅಂಗೈಯಲ್ಲಿಟ್ಟು, ಆ ಕೈಯನ್ನು ಹಿಡಿದುಕೊಂಡೆ. ಕಬ್ಬು ಕಡಿದು ಕಡಿದು ಮರವಾದ ಕೈ.

ಅವರು ಬೋರೇಗೌಡರ ಕಡೆ ತಿರುಗಿದರು. ಗೌಡರು ಬಾಗಿಲ ಹತ್ತಿರ ನೆಲದ ಮೇಲೆ ಕೂತಿದ್ದರು. "ನೀವು ಗೌಡ್ರಾ? ನಿಮ್ ಎಸ್ರು ಏಳ್ತಿದ್ದ. ನಿಮ್ಗೆ ಮಾತ್ ಕೊಟ್ಟು ತಪ್ದೆ ಅಂತ ಕೊರಗ್ತಿದ್ದ, ಅನ್ನನೇ ಸೇರ್ತಿರಲಿಲ್ಲ. ದಿಟವಾಗ್ಲೂ ತಪ್ಪಿದ್ನಾ ಗೌಡ್ರೆ ನನ್ ಮಗ?"

ಬೋರೇಗೌಡರು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡರು. "ಇಲ್ಲ ಕಣವ್ವ" ಅಂದರು. "ನಿನ್ ಮಗ ಮಾತ್ ತಪ್ಲಿಲ್ಲ. ಒಂದ್ ಸಲನೂ ತಪ್ಲಿಲ್ಲ."

ಚಿಕ್ಕತಾಯವ್ವ ಬೆಲ್ಲವನ್ನು ಹಿಡಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಮಗನ ಫೋಟೊ ನೋಡಿದರು. "ಅವ್ನಿಗೆ ಏಳ್ಬೇಕಾಗಿತ್ತು ಕಣಪ್ಪ" ಅಂದರು.

ಶೆಡ್ಡಿನ ಮುಂದಿನ ಟೈರಿನ ರಾಶಿಯನ್ನು ಒಯ್ಯಲು ಲಾರಿ ಇನ್ನೂ ಬಂದಿಲ್ಲ. ಅದರ ಮೇಲೆ ಬಳ್ಳಿ ಹಬ್ಬಿದೆ. ಬೋರೇಗೌಡರು ಮಳವಳ್ಳಿಯಿಂದ ಬಂದ ಮಾರನೆಯ ದಿನ, ಒಲೆಯ ಪಕ್ಕದಲ್ಲಿದ್ದ ಟೈರನ್ನೆಲ್ಲ ತಾವೇ ಗಾಡಿಗೆ ತುಂಬಿಸಿಕೊಂಡು ಬಂದು ಆ ರಾಶಿಗೆ ಸೇರಿಸಿದರು. ಈಗ ಶೆಡ್ಡಿನಲ್ಲಿ ನನ್ನ ಸಿಪ್ಪೆಯ ಪಕ್ಕ ಅವರ ಸಿಪ್ಪೆ ಒಣಗುತ್ತದೆ.

ಬೆಳಗ್ಗೆ ಆಲೆಮನೆಗೆ ಬಂದಾಗ ಆಳುಗಳನ್ನು ಮಾತಾಡಿಸುವ ಮೊದಲು ನಾನೂ ಕತ್ತೆತ್ತಿ ನೋಡುತ್ತೇನೆ. ಮೊದಲು ನಮ್ಮದು, ಆಮೇಲೆ ಗದ್ದೆಯಾಚೆ ಬೋರೇಗೌಡರದು. ಎರಡೂ ಬೆಳ್ಳಗೆ ಏಳುತ್ತಿರುತ್ತವೆ. "ಬೆಳ್ಳಗೈತೆ ಸಾರ್" ಎಂದು ಬಾಯಿಗೆ ಬರುತ್ತದೆ, ಹೊಂಗೆಮರದ ಕಡೆ ತಿರುಗುತ್ತೇನೆ. ಅಲ್ಲಿ ನೆರಳೊಂದೇ ಇರುತ್ತದೆ.